ಹೆಡ್‌ಸೆಟ್ ಇದ್ದರೂ ಬಾವುಟ ಯಾಕೆ? ರೆಫರಿ ಮತ್ತು ಲೈನ್ಸ್‌ಮನ್ ಮಾತಾಡಿಕೊಳ್ಳುವ ಬಗೆ

ಪ್ರಶ್ನೆ: ಟಿವಿಯಲ್ಲಿ ಫುಟ್‌ಬಾಲ್ ನೋಡುವಾಗ ರೆಫರಿ ಆಗಾಗ ಕಿವಿಗೆ ಬೆರಳಿಟ್ಟು ನಿಲ್ಲುತ್ತಾರೆ. ಯಾರ ಜೊತೆ, ಏನು ಮಾತಾಡುತ್ತಾರೆ? ಎಲ್ಲರ ಕಿವಿಯಲ್ಲೂ ಹೆಡ್‌ಸೆಟ್ ಇರುವಾಗ ಲೈನ್ಸ್‌ಮನ್‌ಗಳು ಇನ್ನೂ ಬಾವುಟ ಹಿಡಿದು ಓಡುವುದು ಯಾಕೆ? ಮುಂದಿನ ತಿಂಗಳು ಅಂತರಕಾಲೇಜು ಟೂರ್ನಮೆಂಟ್‌ನಲ್ಲಿ ನನ್ನನ್ನೇ ಲೈನ್ಸ್‌ಮನ್ ಮಾಡಿದ್ದಾರೆ. ಅಲ್ಲಿ ಹೆಡ್‌ಸೆಟ್ ಎಲ್ಲ ಇರುವುದಿಲ್ಲ. ನಾನು ಬಾವುಟ ಎತ್ತಿದ್ದನ್ನು ರೆಫರಿ ನೋಡದೇ ಹೋದರೆ ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ದಿಗಿಲು ಕಳೆಯೋಣ. ಆಟದ ನಿಯಮಪುಸ್ತಕದ ಪ್ರಕಾರ ರೆಫರಿ ಬಳಿ ಇರಲೇಬೇಕಾದ ಸಾಮಾನು ಇಷ್ಟೇ: ಸೀಟಿ, ವಾಚು, ಹಳದಿ ಮತ್ತು ಕೆಂಪು ಕಾರ್ಡು, ಬರೆದುಕೊಳ್ಳಲು ಒಂದು ಪುಸ್ತಕ. ಹೆಡ್‌ಸೆಟ್ ಇರುವುದು ‘ಬೇಕಿದ್ದರೆ ಬಳಸಬಹುದು’ ಅನ್ನುವ ಪಟ್ಟಿಯಲ್ಲಿ. ಅದಿಲ್ಲದೆ ದಶಕಗಟ್ಟಲೆ ವಿಶ್ವಕಪ್ ಫೈನಲ್‌ಗಳೇ ನಡೆದುಹೋಗಿವೆ.

ಇನ್ನೊಂದು ಮಾತು. ‘ಲೈನ್ಸ್‌ಮನ್’ ಹೆಸರನ್ನು 1996ರಲ್ಲೇ ತೆಗೆದು ‘ಅಸಿಸ್ಟೆಂಟ್ ರೆಫರಿ’ ಮಾಡಿದ್ದಾರೆ. ಆದರೆ ನಮ್ಮ ಮೈದಾನಗಳಲ್ಲಿ ಎಲ್ಲರ ಬಾಯಲ್ಲೂ ಇರುವುದು ಲೈನ್ಸ್‌ಮನ್ನೇ. ನಾನೂ ಹಾಗೇ ಬರೆಯುತ್ತೇನೆ.

ರೆಫರಿ ಎಲ್ಲಿ ಓಡುತ್ತಾರೆ ಅನ್ನುವುದರಿಂದ ಶುರು ಮಾಡಬೇಕು. ಅವರು ಮೈದಾನದ ಉದ್ದಕ್ಕೆ ನೇರವಾಗಿ ಓಡುವುದಿಲ್ಲ, ಒಂದು ಮೂಲೆಯಿಂದ ಎದುರು ಮೂಲೆಯ ಕಡೆಗೆ ಓರೆಯಾಗಿ ಓಡುತ್ತಾರೆ. ಈ ಪದ್ಧತಿಯನ್ನು ರೂಢಿಗೆ ತಂದವರು ಇಂಗ್ಲೆಂಡಿನ ಸ್ಟ್ಯಾನ್ಲಿ ರೌಸ್. ಮುಂದೆ ಇವರೇ ಫಿಫಾ ಅಧ್ಯಕ್ಷರಾದರು. ಲೈನ್ಸ್‌ಮನ್‌ಗಳು ಇಬ್ಬರೂ ರೆಫರಿ ಹೋಗದ ಮೂಲೆಗಳ ಕಡೆ, ತಲಾ ಅರ್ಧ ಮೈದಾನ ಹಂಚಿಕೊಂಡು ನಿಲ್ಲುತ್ತಾರೆ. ಚೆಂಡು ಯಾವಾಗಲೂ ರೆಫರಿಗೂ ಹತ್ತಿರದ ಲೈನ್ಸ್‌ಮನ್‌ಗೂ ನಡುವೆ ಇರಬೇಕು. ಹಾಗಿದ್ದರೆ ರೆಫರಿ ಚೆಂಡು ನೋಡುವಾಗಲೇ ಅದರ ಹಿಂದೆ ಲೈನ್ಸ್‌ಮನ್ ಕಣ್ಣಿಗೆ ಬೀಳುತ್ತಾರೆ. ಕತ್ತು ತಿರುಗಿಸುವ ಅಗತ್ಯವೇ ಇರುವುದಿಲ್ಲ. ಇಬ್ಬರ ಕಣ್ಣು ಕಲೆಯುವ ಹಾಗೆ ನಿಲ್ಲುವುದು ಮೊದಲ ಪಾಠ. ಉಳಿದ ಸನ್ನೆಗಳೆಲ್ಲ ಇದರ ಮೇಲೆ ನಿಂತಿವೆ.

ಈಗ ಬಾವುಟಕ್ಕೆ ಬರೋಣ. ಅದು ರೆಫರಿಗೆ ಮಾತ್ರ ಹೇಳುವ ಗುಟ್ಟಲ್ಲ. ಆಟಗಾರರು, ಕೋಚ್‌ಗಳು, ಮೇಲಿನ ಸ್ಟ್ಯಾಂಡಿನಲ್ಲಿ ಕೂತವರು, ಎಲ್ಲರಿಗೂ ಒಂದೇ ಸಲ ವಿಷಯ ಮುಟ್ಟುತ್ತದೆ. ಹೆಡ್‌ಸೆಟ್ ಅದನ್ನು ಮಾಡಲಾರದು. ಬ್ಯಾಟರಿ ಖಾಲಿಯಾಗುವ ಭಯವೂ ಇಲ್ಲ! ಸಾವಿರಾರು ಜನ ಕಿರುಚುವಾಗ ಕಿವಿಗೆ ಬಿದ್ದ ಮಾತು ಅರ್ಧ ಕೇಳಬಹುದು, ಅರ್ಧ ಕೇಳದಿರಬಹುದು. ಎತ್ತಿದ ಬಾವುಟ ಎತ್ತಿದ ಹಾಗೇ ಕಾಣುತ್ತದೆ.

ಬಾವುಟ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಹೊಸಬರು ಎಡವುವುದು ಇಲ್ಲೇ. ಬಟ್ಟೆ ಪೂರ್ತಿ ಬಿಚ್ಚಿರಬೇಕು, ಕೋಲಿಗೆ ಸುತ್ತಿಕೊಂಡಿರಬಾರದು. ರೆಫರಿಗೆ ಯಾವ ಕಡೆಯ ಕೈ ಕಾಣುತ್ತದೋ ಆ ಕೈಯಲ್ಲಿ ಬಾವುಟ ಇರಬೇಕು. ಮೈದಾನದ ಕಡೆ ಮುಖ ಮಾಡಿ ನಿಂತರೆ ನೀವು ನೋಡಿಕೊಳ್ಳುವ ಗೋಲು ನಿಮ್ಮ ಬಲಕ್ಕೆ ಇರುತ್ತದೆ. ಹಾಗಾಗಿ ದಾಳಿ ಮಾಡುವ ತಂಡಕ್ಕೆ ಥ್ರೋ (ಬದಿಯ ಗೆರೆ ದಾಟಿದ ಚೆಂಡನ್ನು ಕೈಯಿಂದ ಒಳಗೆಸೆಯುವುದು) ಅಂದರೆ ಬಲಗೈ, ತಡೆಯುವ ತಂಡಕ್ಕೆ ಅಂದರೆ ಎಡಗೈ. ಯಾವ ಕಡೆಗೆ ತೋರಿಸಬೇಕೋ ಆ ಕೈಯಲ್ಲೇ ಮೊದಲು ಮೇಲೆತ್ತಬೇಕು. ಪಳಗಿದ ರೆಫರಿ ಬಾವುಟ ಯಾವ ಕೈಯಲ್ಲಿದೆ ಎಂದು ನೋಡಿಯೇ ತೀರ್ಮಾನ ಓದಿಬಿಡುತ್ತಾರೆ. ಅಷ್ಟರಲ್ಲಿ ಮನಸ್ಸು ಬದಲಾಯಿತೋ, ಬಾವುಟವನ್ನು ಸೊಂಟದ ಕೆಳಗೆ ತಂದು ಕೈ ಬದಲಿಸಬೇಕು. ತಲೆಯ ಮೇಲೆ ಕೈ ಬದಲಿಸಿದರೆ ಇಡೀ ಮೈದಾನಕ್ಕೆ ನಿಮ್ಮ ಅನುಮಾನ ಕಾಣಿಸುತ್ತದೆ. ಆಮೇಲೆ ಪಂದ್ಯ ಮುಗಿಯುವವರೆಗೂ ಪ್ರತಿ ಥ್ರೋಗೂ ಹತ್ತು ಜನ ಬಂದು ವಾದ ಮಾಡುತ್ತಾರೆ.

ಆಫ್‌ಸೈಡ್ (ತನ್ನವರು ಚೆಂಡು ಒದೆಯುವ ಹೊತ್ತಿಗೆ ದಾಳಿಗಾರ ಚೆಂಡಿಗಿಂತಲೂ ಎದುರು ತಂಡದ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿಗೆ ಹತ್ತಿರವಿದ್ದು ಆಟದಲ್ಲಿ ಪಾಲ್ಗೊಳ್ಳುವುದು) ಆದರೆ ಬಲಗೈಯಲ್ಲಿ ನೇರ ಮೇಲಕ್ಕೆ. ಬಲಗೈ ಯಾಕೆಂದರೆ, ಹಾಗೆ ಎತ್ತಿದಾಗ ಮೈದಾನ ಚೆನ್ನಾಗಿ ಕಾಣುತ್ತದೆ. ರೆಫರಿ ಸೀಟಿ ಊದಿದ ಮೇಲೆ ಎರಡನೇ ಸನ್ನೆ: ತಪ್ಪಾದದ್ದು ಆಚೆ ಬದಿಯಲ್ಲಾದರೆ ಬಾವುಟ ಓರೆಯಾಗಿ ಮೇಲಕ್ಕೆ, ಮಧ್ಯದಲ್ಲಾದರೆ ನೆಲಕ್ಕೆ ಸಮನಾಗಿ, ಈಚೆ ಬದಿಯಲ್ಲಾದರೆ ಕೆಳಕ್ಕೆ. ಫೌಲ್ ಆದರೆ ಬಾವುಟ ಎತ್ತಿ ಆಚೀಚೆ ಅಲ್ಲಾಡಿಸಬೇಕು. ಆಟಗಾರರ ಬದಲಾವಣೆಗೆ ಎರಡೂ ಕೈಯಲ್ಲಿ ತಲೆಯ ಮೇಲೆ ಅಡ್ಡ ಹಿಡಿಯಬೇಕು. ಕಾರ್ನರ್, ಗೋಲ್ ಕಿಕ್ ನಿಮಗೆ ಗೊತ್ತೇ ಇರುತ್ತದೆ.

ಗೋಲಿನ ವಿಷಯ ಸ್ವಲ್ಪ ಬೇರೆ. ಸರಿಯಾದ ಗೋಲಾದರೆ ಲೈನ್ಸ್‌ಮನ್ ಬಾವುಟ ಎತ್ತುವುದೇ ಇಲ್ಲ. ಸುಮ್ನೆ ಟಚ್‌ಲೈನ್ (ಮೈದಾನದ ಬದಿಯ ಗೆರೆ) ಗುಂಟ ಮಧ್ಯದ ಗೆರೆಯ ಕಡೆ 25-30 ಮೀಟರ್ ಓಡುತ್ತಾರೆ. ಆ ಓಟವೇ ‘ಗೋಲು’ ಅನ್ನುವ ಉತ್ತರ. ಓಡದೆ ನಿಂತಲ್ಲೇ ನಿಂತರೆ ಏನೋ ತಕರಾರಿದೆ ಎಂದು ರೆಫರಿಗೆ ಅರ್ಥವಾಗುತ್ತದೆ. ಚೆಂಡು ಗೆರೆ ದಾಟಿ ಮತ್ತೆ ಹೊರಗೆ ಪುಟಿದು ಆಟ ಮುಂದುವರಿದಿದ್ದರೆ ಮಾತ್ರ ಮೊದಲು ಬಾವುಟ ಎತ್ತಿ ರೆಫರಿಯ ಗಮನ ಸೆಳೆದು, ಆಮೇಲೆ ಓಡಬೇಕು.

ಈ ‘ಗೆರೆ ದಾಟಿತಾ ಇಲ್ವಾ’ ಪ್ರಶ್ನೆಯಲ್ಲೇ ಫುಟ್‌ಬಾಲಿನ ಅತಿ ಹೆಸರಾದ ರೆಫರಿ-ಲೈನ್ಸ್‌ಮನ್ ಮಾತುಕತೆ ನಡೆದದ್ದು. 1966ರ ಜುಲೈ 30, ವೆಂಬ್ಲಿ, ಇಂಗ್ಲೆಂಡ್ ಮತ್ತು ಪಶ್ಚಿಮ ಜರ್ಮನಿ ನಡುವಿನ ವಿಶ್ವಕಪ್ ಫೈನಲ್. ಹೆಚ್ಚುವರಿ ಸಮಯದಲ್ಲಿ ಜೆಫ್ ಹರ್ಸ್ಟ್ ಹೊಡೆದ ಚೆಂಡು ಮೇಲಿನ ಕಂಬಕ್ಕೆ ತಾಗಿ ಕೆಳಗೆ ಬಿದ್ದು ಹೊರಗೆ ಪುಟಿಯಿತು. ರೆಫರಿ ಗಾಟ್‌ಫ್ರೀಡ್ ಡೀನ್ಸ್ಟ್ ಸ್ವಿಟ್ಜರ್ಲೆಂಡಿನವರು. ಲೈನ್ಸ್‌ಮನ್ ತೋಫಿಕ್ ಬಹ್ರಮೋವ್ ಆಗಿನ ಸೋವಿಯತ್ ಒಕ್ಕೂಟದ ಅಜರ್ಬೈಜಾನಿನವರು. ಇನ್ನೊಬ್ಬ ಲೈನ್ಸ್‌ಮನ್ ಚೆಕೊಸ್ಲೊವಾಕಿಯಾದವರು. ಡೀನ್ಸ್ಟ್‌ಗೂ ಬಹ್ರಮೋವ್‌ಗೂ ಇಬ್ಬರಿಗೂ ಸರಿಯಾಗಿ ಬರುವ ಒಂದು ಭಾಷೆ ಇರಲಿಲ್ಲ. ಡೀನ್ಸ್ಟ್ ಓಡಿಹೋಗಿ ಕೇಳಿದರು, ಬಹ್ರಮೋವ್ ತಲೆಯಾಡಿಸಿದರು, ಗೋಲಾಯಿತು. ಅದು ಗೋಲೋ ಅಲ್ಲವೋ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಬಾಕು ನಗರದಲ್ಲಿ ಮಾತ್ರ ಬಹ್ರಮೋವ್ ಹೆಸರಿನಲ್ಲಿ ಒಂದು ಸ್ಟೇಡಿಯಂ ಇದೆ.

ಅದೇ ವಿಶ್ವಕಪ್‌ನಲ್ಲಿ ಜರ್ಮನ್ ರೆಫರಿಯೊಬ್ಬರು ಅರ್ಜೆಂಟೀನಾದ ನಾಯಕ ರಾಟಿನ್ ಅವರನ್ನು ಹೊರಗೆ ಕಳಿಸಿದರು. ರೆಫರಿಗೆ ಸ್ಪ್ಯಾನಿಷ್ ಬರದು, ರಾಟಿನ್‌ಗೆ ಜರ್ಮನ್ ಬರದು. ಅವರನ್ನು ಹೊರಗೆ ನಡೆಸುವ ಹೊತ್ತಿಗೆ ಸಾಕುಸಾಕಾಯಿತು. ಇಂಥ ಗೊಂದಲ ನೋಡಿಯೇ ಇಂಗ್ಲೆಂಡಿನ ಕೆನ್ ಆಸ್ಟನ್ ಟ್ರಾಫಿಕ್ ದೀಪದ ಬಣ್ಣಗಳಿಂದ ಹಳದಿ, ಕೆಂಪು ಕಾರ್ಡಿನ ಉಪಾಯ ತೆಗೆದರು. 1970ರ ವಿಶ್ವಕಪ್‌ನಿಂದ ಅವು ಬಳಕೆಗೆ ಬಂದವು.

ಬಾವುಟಕ್ಕೂ ಹೆಡ್‌ಸೆಟ್‌ಗೂ ನಡುವೆ ಒಂದು ಸಣ್ಣ ಉಪಕರಣ ಬಂತು: ಬೀಪ್ ಬಾವುಟ. ಹಿಡಿಯಲ್ಲಿ ಒಂದು ಬಟನ್ ಇರುತ್ತದೆ. ಲೈನ್ಸ್‌ಮನ್ ಅದನ್ನು ಒತ್ತಿದರೆ ರೆಫರಿಯ ತೋಳಿಗೆ ಕಟ್ಟಿದ ಪಟ್ಟಿ ಬೀಪ್ ಅಂತ ಸದ್ದು ಮಾಡಿ ನಡುಗುತ್ತದೆ. ‘ಒಮ್ಮೆ ಈ ಕಡೆ ನೋಡಿ’ ಅನ್ನುವುದಷ್ಟೇ ಅದರ ಅರ್ಥ. ನನಗೆ ಕೇಳಿದರೆ ಇದು ಹೆಡ್‌ಸೆಟ್‌ಗಿಂತ ಜಾಣತನದ ವಸ್ತು. ಕರೆಯುತ್ತದೆ, ಆದರೆ ಹರಟುವುದಿಲ್ಲ.

ವಿಶ್ವಕಪ್‌ನಲ್ಲಿ ಹೆಡ್‌ಸೆಟ್ ಬಂದದ್ದು 2006ರಲ್ಲಿ, ಜರ್ಮನಿಯಲ್ಲಿ. ಅದರ ಲಾಭವನ್ನೂ ಮಿತಿಯನ್ನೂ ಅದೇ ಟೂರ್ನಮೆಂಟ್ ತೋರಿಸಿಕೊಟ್ಟಿತು.

ಲಾಭ ಮೊದಲು. ಜುಲೈ 9ರ ಬರ್ಲಿನ್ ಫೈನಲ್. 110ನೇ ನಿಮಿಷದ ಹೊತ್ತಿಗೆ ಫ್ರಾನ್ಸಿನ ಜಿದಾನ್ ತಲೆಯಿಂದ ಇಟಲಿಯ ಮತೆರಾಜಿ ಎದೆಗೆ ಗುದ್ದಿದರು. ಚೆಂಡು ಬೇರೆ ಕಡೆ ಇತ್ತು. ಅರ್ಜೆಂಟೀನಾದ ರೆಫರಿ ಒರಾಸಿಯೊ ಎಲಿಜಾಂಡೊ ನೋಡಿರಲಿಲ್ಲ. ಅವರ ಇಬ್ಬರು ಲೈನ್ಸ್‌ಮನ್‌ಗಳ ಕಣ್ಣಿಗೂ ಬಿದ್ದಿರಲಿಲ್ಲ. ನೋಡಿದವರು ನಾಲ್ಕನೇ ಅಧಿಕಾರಿ (ಗೆರೆಯ ಹೊರಗೆ ನಿಂತು ರೆಫರಿಗೆ ನೆರವಾಗುವವರು), ಸ್ಪೇನಿನ ಲೂಯಿಸ್ ಮೆದಿನಾ ಕಾಂತಲೆಹೊ. ಅವರು ಹೆಡ್‌ಸೆಟ್‌ನಲ್ಲೇ ಹೇಳಿದರು, ಕೆಂಪು ಕಾರ್ಡು ಹೊರಗೆ ಬಂತು. ಇಬ್ಬರದೂ ಸ್ಪ್ಯಾನಿಷ್. 1966ರಲ್ಲಿ ತಲೆಯಾಡಿಸಿ ಮುಗಿಸಬೇಕಾಗಿದ್ದ ಕೆಲಸ ಇಲ್ಲಿ ಮಾತಲ್ಲಿ ಆಯಿತು. ಈಗ ದೊಡ್ಡ ಟೂರ್ನಮೆಂಟ್‌ಗಳಲ್ಲಿ ರೆಫರಿ ಮತ್ತು ಇಬ್ಬರು ಲೈನ್ಸ್‌ಮನ್‌ಗಳನ್ನು ಸಾಮಾನ್ಯವಾಗಿ ಒಂದೇ ದೇಶದಿಂದ ಅಥವಾ ಒಂದೇ ಭಾಷೆ ಆಡುವ ಕಡೆಯಿಂದ ಆರಿಸುವುದೂ ಇದಕ್ಕೇ.

ಇನ್ನು ಮಿತಿ. ಅದೇ ವಿಶ್ವಕಪ್, ಜೂನ್ 22, ಸ್ಟಟ್‌ಗಾರ್ಟ್, ಕ್ರೊಯೇಷ್ಯಾ ಮತ್ತು ಆಸ್ಟ್ರೇಲಿಯಾ. ಇಂಗ್ಲೆಂಡಿನ ರೆಫರಿ ಗ್ರಹಾಂ ಪೋಲ್ ಕ್ರೊಯೇಷ್ಯಾದ ಸಿಮುನಿಚ್‌ಗೆ 61ನೇ ನಿಮಿಷದಲ್ಲಿ ಹಳದಿ ಕೊಟ್ಟರು. 90ನೇ ನಿಮಿಷದಲ್ಲಿ ಇನ್ನೊಂದು. ಎರಡು ಹಳದಿ ಅಂದರೆ ಆಟಗಾರ ಹೊರಗೆ ಹೋಗಬೇಕು, ಅಲ್ವಾ? ಆದರೆ ಪೋಲ್ ಎರಡನೆಯದನ್ನು ಆಸ್ಟ್ರೇಲಿಯಾದ 3ನೇ ನಂಬರ್ ಆಟಗಾರನ ಲೆಕ್ಕಕ್ಕೆ ಬರೆದುಕೊಂಡಿದ್ದರು. ಸಿಮುನಿಚ್ ಆಡುತ್ತಲೇ ಇದ್ದರು, ಮೂರನೇ ಹಳದಿ ಸಿಕ್ಕ ಮೇಲೆ ಹೊರಗೆ ಹೋದರು. ಇಬ್ಬರು ಲೈನ್ಸ್‌ಮನ್, ಒಬ್ಬ ನಾಲ್ಕನೇ ಅಧಿಕಾರಿ, ಎಲ್ಲರ ಕಿವಿಯಲ್ಲೂ ಹೆಡ್‌ಸೆಟ್ ಇತ್ತು. ಒಬ್ಬರೂ ‘ಇದು ಎರಡನೆಯದು’ ಅನ್ನಲಿಲ್ಲ. ಎಲ್ಲರೂ ಕೇಳಿಸಿಕೊಳ್ಳುವ ಲೈನಿನಲ್ಲಿ ಇರುವಾಗ ಇನ್ಯಾರೋ ಹೇಳುತ್ತಾರೆ ಎಂದು ಪ್ರತಿಯೊಬ್ಬರೂ ಸುಮ್ಮನಿರುವ ಅಪಾಯ ಜಾಸ್ತಿ. ಹಾಗಾಗಿ ಇಂಥ ವಿಷಯ ಯಾರು ಹೇಳಬೇಕು ಅನ್ನುವುದನ್ನು ಪಂದ್ಯಕ್ಕೆ ಮೊದಲೇ ಹೆಸರಿಟ್ಟು ಗೊತ್ತು ಮಾಡಿಕೊಳ್ಳಬೇಕು.

ಹಾಗಾದರೆ ಆ ಮೈಕಿನಲ್ಲಿ ಏನು ಮಾತಾಡುತ್ತಾರೆ? ನೀವು ಅಂದುಕೊಂಡಷ್ಟು ಏನೂ ಇಲ್ಲ. ಲೈನ್ ಸದಾ ತೆರೆದಿರುತ್ತದೆ. ಓಡುವವರ ಏದುಸಿರೂ ಕೇಳುತ್ತದೆ. ಆದ್ದರಿಂದ ಮಾತು ಚುಟುಕು. ತಂಡದ ಹೆಸರಿಗಿಂತ ಬಣ್ಣ, ಆಟಗಾರನ ಹೆಸರಿಗಿಂತ ನಂಬರು: ‘ಥ್ರೋ ನೀಲಿ’, ‘ಕೆಂಪು ಆರು, ಎಳೆದ’. ಆಫ್‌ಸೈಡ್ ಅನುಮಾನವಿದ್ದು ಬಾವುಟ ತಡೆದು ಹಿಡಿದಿದ್ದರೆ ‘ಡಿಲೇ, ಡಿಲೇ’. ಮುಖ್ಯವಾದದ್ದನ್ನು ಎರಡು ಮೂರು ಸಲ ಹೇಳುತ್ತಾರೆ, ಒಂದು ಸಲದ್ದು ಗದ್ದಲದಲ್ಲಿ ತಪ್ಪಿದರೂ ಇನ್ನೊಂದು ಕೇಳಲಿ ಎಂದು.

ನಮ್ಮವರು ಕನ್ನಡದಲ್ಲಿ ಮಾತಾಡಿಕೊಳ್ಳುವಾಗ ಒಂದು ಎಚ್ಚರ ಬೇಕು. ‘ಪೆನಾಲ್ಟಿ ಅಲ್ಲ’ ಅನ್ನಬೇಡಿ. ‘ಅಲ್ಲ’ ಕೇಳುವಷ್ಟರಲ್ಲಿ ರೆಫರಿ ಸೀಟಿ ಊದಿಬಿಟ್ಟಿರುತ್ತಾರೆ. ‘ಏನಿಲ್ಲ, ಆಡಿಸಿ’ ಅಂದರೆ ಮುಗಿಯಿತು. ಆ ಮಾತಲ್ಲಿ ಪೆನಾಲ್ಟಿ ಅನ್ನುವ ಶಬ್ದವೇ ಬರಬಾರದು.

ಕಿವಿಗೆ ಬೆರಳಿಡುವ ಸನ್ನೆ ವಿಎಆರ್‌ಗೆ, ಅಂದರೆ ವಿಡಿಯೊ ನೋಡುವ ರೆಫರಿಗೆ, ಸಂಬಂಧಪಟ್ಟದ್ದು. ಒಂದು ಬೆರಳು ಕಿವಿಗೆ, ಇನ್ನೊಂದು ಕೈ ಮುಂದಕ್ಕೆ ಚಾಚಿ ‘ತಡೆಯಿರಿ, ಪರೀಕ್ಷೆ ನಡೀತಿದೆ’ ಎಂದು ಆಟಗಾರರಿಗೆ ತೋರಿಸುವುದು. ಗಾಳಿಯಲ್ಲಿ ಟಿವಿಯ ಚೌಕ ಬರೆದರೆ ‘ನಾನೇ ಹೋಗಿ ನೋಡುತ್ತೇನೆ’, ಇಲ್ಲವೇ ‘ತೀರ್ಮಾನ ಬದಲಾಗಿದೆ’ ಅಂತ. ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡು ಕೊಟ್ಟದ್ದು, ಮುಖ್ಯವಾಗಿ ಇಂಥವಕ್ಕೇ ಇದು. ಇಲ್ಲಿ ಹೊರಗಿನವರಿಗೆ ಗೊತ್ತಿಲ್ಲದ ಒಂದು ಏರ್ಪಾಡಿದೆ. ಮೈದಾನದಲ್ಲಿ ಆಡುವ ಮಾತೆಲ್ಲ ವಿಎಆರ್ ಕೋಣೆಗೆ ಕೇಳುತ್ತದೆ. ಆ ಕೋಣೆಯ ಮಾತು ರೆಫರಿಗೆ ಕೇಳುವುದಿಲ್ಲ. ವಿಎಆರ್ ಒಂದು ಬಟನ್ ಒತ್ತಿ ಹಿಡಿದಾಗ ಮಾತ್ರ ಕೇಳುತ್ತದೆ. ಅಲ್ಲಿ ನಾಲ್ಕು ಜನ ‘ಇದು ಹೌದಾ, ಅದು ಹೌದಾ’ ಅನ್ನುವುದೆಲ್ಲ ರೆಫರಿ ಕಿವಿಗೆ ಬಿದ್ದರೆ ಅವರಿಗೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಹೀಗೆ.

ಇಷ್ಟೆಲ್ಲ ಇದ್ದೂ 2023ರ ಸೆಪ್ಟೆಂಬರ್ 30ರಂದು ಲಂಡನ್ನಿನಲ್ಲಿ ಟಾಟನಂ ಮತ್ತು ಲಿವರ್‌ಪೂಲ್ ಪಂದ್ಯದಲ್ಲಿ ಎತ್ತು ಏರಿಗೆಳೆದು ಕೋಣ ನೀರಿಗೆಳೆಯಿತು. ಸ್ಕೋರು 0-0 ಇದ್ದಾಗ ಲಿವರ್‌ಪೂಲಿನ ಲೂಯಿಸ್ ಡಿಯಾಸ್ ಗೋಲು ಹೊಡೆದರು. ಲೈನ್ಸ್‌ಮನ್ ಆಫ್‌ಸೈಡ್ ಬಾವುಟ ಎತ್ತಿದರು. ವಿಎಆರ್ ಕೋಣೆಯಲ್ಲಿ ಗೆರೆ ಎಳೆದು ನೋಡಿದರು. ಆಟಗಾರ ಸರಿಯಾಗಿಯೇ ಇದ್ದ. ಆದರೆ ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಎಂದೇ ವಿಎಆರ್ ಅಂದುಕೊಂಡಿದ್ದರು. ಆದ್ದರಿಂದ ‘ಚೆಕ್ ಕಂಪ್ಲೀಟ್’ ಅಂದುಬಿಟ್ಟರು. ಅವರ ಮನಸ್ಸಿನಲ್ಲಿ ಅದರ ಅರ್ಥ ‘ಗೋಲು ಸರಿ’. ರೆಫರಿ ಕಿವಿಯಲ್ಲಿ ಅದರ ಅರ್ಥ ‘ಆಫ್‌ಸೈಡ್ ಸರಿ’. ರೆಫರಿ ಫ್ರೀ ಕಿಕ್ ಕೊಟ್ಟು ಆಟ ಶುರು ಮಾಡಿಸಿದರು. ಕೆಲವೇ ಕ್ಷಣದಲ್ಲಿ ರೀಪ್ಲೇ ತೋರಿಸುವವರಿಗೆ ಗೊಂದಲ ಗೊತ್ತಾಯಿತು. ಆದರೆ ಆಟ ಮತ್ತೆ ಶುರುವಾದ ಮೇಲೆ ಇಂಥದಕ್ಕೆ ಹಿಂದೆ ಹೋಗಲು ನಿಯಮ ಬಿಡುವುದಿಲ್ಲ. ಟಾಟನಂ 2-1ರಿಂದ ಗೆದ್ದಿತು. ಆ ಧ್ವನಿಮುದ್ರಣವನ್ನು ಆಮೇಲೆ ಬಹಿರಂಗ ಮಾಡಿದರು. ಮೈಕು, ಲೈನು, ಕ್ಯಾಮೆರಾ ಎಲ್ಲ ಸರಿಯಾಗಿಯೇ ಕೆಲಸ ಮಾಡಿದ್ದವು. ಇದಾದ ಮೇಲೆ, ವಿಎಆರ್ ತನ್ನ ಪಕ್ಕದ ಸಹಾಯಕರ ಬಳಿ ಖಚಿತ ಮಾಡಿಕೊಂಡೇ ಮೈದಾನಕ್ಕೆ ತೀರ್ಮಾನ ಹೇಳಬೇಕು ಎಂದು ಪದ್ಧತಿ ಬದಲಿಸಿದರು.

ಬೆಂಗಳೂರಿನಲ್ಲೂ ಒಂದು ಸನ್ನೆಯ ಜಗಳ ನಡೆದಿದೆ. 2023ರ ಮಾರ್ಚ್ 3, ಕಂಠೀರವ ಸ್ಟೇಡಿಯಂ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ಲೇಆಫ್. ಹೆಚ್ಚುವರಿ ಸಮಯದಲ್ಲಿ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ ಅನ್ನು ಸೀಟಿಗೆ ಕಾಯದೆ ಹೊಡೆದರು. ಎದುರಾಳಿ ಕೇರಳ ಬ್ಲಾಸ್ಟರ್ಸ್ ಇನ್ನೂ ಚೆಂಡಿಗೆ ಅಡ್ಡ ಆಟಗಾರರ ಗೋಡೆ ಕಟ್ಟುತ್ತಿತ್ತು. ಗೋಲು ಕೊಟ್ಟಿದ್ದಕ್ಕೆ ಬ್ಲಾಸ್ಟರ್ಸ್ ಕೋಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು. ಪಂದ್ಯ ಬೆಂಗಳೂರು ಎಫ್‌ಸಿ ಪಾಲಾಯಿತು. ಬ್ಲಾಸ್ಟರ್ಸ್ ಸಲ್ಲಿಸಿದ ತಕರಾರನ್ನು ಭಾರತೀಯ ಫುಟ್‌ಬಾಲ್ ಒಕ್ಕೂಟ ಒಪ್ಪಲಿಲ್ಲ. ನಿಯಮ ಏನು? ಫ್ರೀ ಕಿಕ್ಕಿಗೆ ಸೀಟಿ ಬೇಕೇ ಬೇಕು ಅಂತ ಇಲ್ಲ. ರೆಫರಿ ಗೋಡೆಯನ್ನು ಹಿಂದೆ ಸರಿಸಲು ನಿಂತರೆ ‘ಸೀಟಿ ಊದುವವರೆಗೂ ಹೊಡೆಯಬೇಡ’ ಎಂದು ಸ್ಪಷ್ಟವಾಗಿ ಹೇಳಬೇಕು. ಹಾಗೆ ಹೇಳುವಾಗ ಸೀಟಿಯನ್ನು ಎತ್ತಿ ಹಿಡಿದು ಬೆರಳಿಂದ ತೋರಿಸುವುದು ರೂಢಿ. ನನ್ನ ಪ್ರಕಾರ ಅದನ್ನು ಇಪ್ಪತ್ತೆರಡು ಜನಕ್ಕೂ ಕಾಣುವಷ್ಟು ದೊಡ್ಡದಾಗಿ ಮಾಡಬೇಕು, ಹೊಡೆಯುವವನಿಗೆ ಮಾತ್ರ ಅಲ್ಲ. ನಿಮ್ಮ ರೆಫರಿಗೆ ಇದನ್ನು ನೆನಪಿಸಿ.

ಈಗ ನಿಮ್ಮ ಟೂರ್ನಮೆಂಟು. ಪಂದ್ಯಕ್ಕೆ ಮುಂಚೆ ಮೂವರೂ ಕಾಲು ಗಂಟೆ ಕೂತು ಮಾತಾಡಿ. ನಿಯಮಪುಸ್ತಕವೇ ಹೇಳುತ್ತದೆ: ಲೈನ್ಸ್‌ಮನ್ ಎದ್ದು ಕಾಣುವ ಕೈಸನ್ನೆ ಮಾಡಬಾರದು, ಆದರೆ ಮೊದಲೇ ಒಪ್ಪಿಕೊಂಡ ಸಣ್ಣ ಸನ್ನೆ ಮಾಡಬಹುದು. ಸಾಮಾನ್ಯವಾಗಿ ಬಳಸುವ ಕೆಲವು ಹೇಳುತ್ತೇನೆ. ಅನುಮಾನದ ಥ್ರೋ ಆದರೆ ಬಾವುಟ ಎತ್ತುವ ಮೊದಲು ಸೊಂಟದ ಹತ್ತಿರ ಕೈಯಿಂದ ದಿಕ್ಕು ತೋರಿಸುವುದು. ಎದೆಯ ಮೇಲೆ ಕೈ ಇಟ್ಟರೆ ಹಳದಿ, ಹಿಂದಿನ ಜೇಬಿನ ಮೇಲೆ ಇಟ್ಟರೆ ಕೆಂಪು. ಉಳಿದ ನಿಮಿಷಗಳಿಗೆ ತೊಡೆಯ ಮೇಲೆ ಬೆರಳು. ನಿಮಗೆ ಬೇರೆ ಸಲೀಸಾದರೆ ಬೇರೆ ಮಾಡಿಕೊಳ್ಳಿ, ಮೂವರಿಗೂ ಒಂದೇ ಇದ್ದರೆ ಸಾಕು. ಫೌಲಿಗೆ ನೀವು ಯಾವಾಗ ಬಾವುಟ ಎತ್ತಬೇಕು ಅಂತಲೂ ಕೇಳಿಕೊಳ್ಳಿ. ರೆಫರಿಗಿಂತ ನಿಮಗೆ ಚೆನ್ನಾಗಿ ಕಂಡಿದ್ದರೆ ಮಾತ್ರ ಎತ್ತುವುದು ಸರಿ. ಎರಡನೇ ಹಳದಿಯ ಲೆಕ್ಕ ನೀವೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ರೆಫರಿ ನಿಮ್ಮ ಹತ್ತಿರ ಬಂದು ಕೇಳುವ ಪ್ರಸಂಗ ಬಂದರೆ ಗೆರೆಯಿಂದ ಎರಡು ಮೂರು ಮೀಟರ್ ಒಳಗೆ ಹೋಗಿ. ಒಬ್ಬರ ಮುಖ ಒಬ್ಬರು ನೋಡುತ್ತಾ ನಿಲ್ಲಬೇಡಿ. ಇಬ್ಬರೂ ಮೈದಾನದ ಕಡೆ ಮುಖ ಮಾಡಿ, ಪಕ್ಕಪಕ್ಕ ನಿಂತು ಮಾತಾಡಿ. ಮಾತು ಬೇರೆಯವರಿಗೆ ಕೇಳುವುದಿಲ್ಲ, ಮೈದಾನದಲ್ಲಿ ಹೊಡೆದಾಟ ಶುರುವಾದರೆ ಕಣ್ಣಿಗೂ ಬೀಳುತ್ತದೆ. ಕಂಡದ್ದನ್ನಷ್ಟೇ ಹೇಳಿ: ಯಾರು, ಏನು ಮಾಡಿದ, ಎಲ್ಲಿ. ಕಂಡಿರದಿದ್ದರೆ ‘ಕಾಣಲಿಲ್ಲ’ ಅನ್ನಿ.

ಕೊನೆಗೆ, ಬಾವುಟ ಎತ್ತಿದ್ದು ರೆಫರಿ ನೋಡದಿದ್ದರೆ? ಆಫ್‌ಸೈಡ್ ಆದರೆ ಕೈ ಇಳಿಸಬೇಡಿ, ಕೂಗಬೇಡಿ, ಬೀಸಲೂ ಬೇಡಿ. ಹಾಗೇ ಹಿಡಿದು ನಿಲ್ಲಿ. ಆಚೆ ಕಡೆಯ ಲೈನ್ಸ್‌ಮನ್ ಅದನ್ನು ನೋಡಿ ತನ್ನ ಬಾವುಟ ಎತ್ತಬೇಕು, ರೆಫರಿ ಅತ್ತ ತಿರುಗಿದಾಗ ನಿಮ್ಮ ಕಡೆ ಕೈ ತೋರಿಸಬೇಕು. ಇದನ್ನೂ ಮೊದಲೇ ಮಾತಾಡಿಕೊಂಡಿರಿ. ಅಷ್ಟರಲ್ಲಿ ಚೆಂಡು ತಡೆಯುವ ತಂಡದ ಕೈವಶವಾದರೆ ಬಾವುಟ ಇಳಿಸಿ ಓಡಿ, ಆಗ ನಿಲ್ಲಿಸಿ ಲಾಭವಿಲ್ಲ. ರೆಫರಿ ನಿಮ್ಮನ್ನು ನೋಡಿಯೂ ‘ಬೇಡ’ ಎಂದು ಕೈ ಬೀಸಿದರೂ ಅಷ್ಟೇ. ಮುಖ ಸಣ್ಣದು ಮಾಡಿಕೊಳ್ಳದೆ ಬಾವುಟ ಇಳಿಸಿ, ಕೊನೆಯಿಂದ ಎರಡನೇ ಡಿಫೆಂಡರ್ ಎಲ್ಲಿದ್ದಾನೆ ನೋಡಿ, ಆ ಗೆರೆಗೆ ಓಡಿ.